ಸ್ಯಾನ್ ಹೋಸೆಯಲ್ಲಿ ಅಡ್ರೆಸ್ ಹುಡುಕೋದು

ಕೋಸ್ಟರಿಕಾದ ರಾಜಧಾನಿ ಸ್ಯಾನ್ ಹೋಸೆಗೆ ಹೋಗೋರು ಮೊದಲು ಕಲಿಯಬೇಕಾದದ್ದು ಅಡ್ರೆಸ್ ಓದೋದು. ರಸ್ತೆಗಳಿಗೆ ನಂಬರ್ ಇದೆ, ಆದ್ರೆ ಜನ ಹೇಳೋದು 'ಚರ್ಚಿನಿಂದ ದಕ್ಷಿಣಕ್ಕೆ 200 ಮೀಟರ್, ಪೂರ್ವಕ್ಕೆ 50' ಅಂತ. ಟೇಪ್ ಹಿಡಿದು ಅಳೀಬೇಡಿ. ಅಲ್ಲಿ 100 ಮೀಟರ್ ಅಂದ್ರೆ ಒಂದು ಬ್ಲಾಕ್, ನಿಜವಾದ ಉದ್ದ ಎಷ್ಟೇ ಇರಲಿ. ನಮ್ಮ ಸರ್ವೇ ಲ್ಯಾಬ್‌ನಲ್ಲಿ ಹೀಗೆ ಬರೆದ್ರೆ ಸೊನ್ನೆ ಗ್ಯಾರಂಟಿ!

ಗುರುತಿನ ಕಟ್ಟಡ ಈಗ ಇರಲೇಬೇಕು ಅಂತನೂ ಇಲ್ಲ. 'ಕೋಕಾ-ಕೋಲಾ' ಅಂತ ಒಂದು ಬಸ್ ನಿಲ್ದಾಣ ಇದೆ. ಅಲ್ಲಿ ಹಿಂದೆ ಆ ಪಾನೀಯ ತುಂಬೋ ಕಾರ್ಖಾನೆ ಇತ್ತು, ಹೆಸರು ಮಾತ್ರ ಉಳ್ಕೊಂಡಿದೆ. ಸ್ಯಾನ್ ಪೆದ್ರೋ ಕಡೆ ಯಾವತ್ತೋ ಹೋದ ಒಂದು ದೊಡ್ಡ ಮರದಿಂದ ಇನ್ನೂ ದಾರಿ ಲೆಕ್ಕ ಹಾಕ್ತಾರೆ. ಹೊಸಬರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಕೇಳಲೇಬೇಕು. ನಾರ್ತೆ, ಸೂರ್, ಎಸ್ತೆ, ಒಯೆಸ್ತೆ: ಈ ನಾಲ್ಕು ದಿಕ್ಕು ಸ್ಪ್ಯಾನಿಷ್‌ನಲ್ಲಿ ಬಾಯಿಪಾಠ ಮಾಡ್ಕೊಳ್ಳಿ. ಮೇನಿಂದ ನವೆಂಬರ್‌ವರೆಗೆ ಮಧ್ಯಾಹ್ನದ ಮೇಲೆ ಮಳೆ ಜಾಸ್ತಿ, ಸುತ್ತಾಟ ಬೆಳಿಗ್ಗೇನೇ ಮುಗಿಸಿ.

ಮೊದಲು ನ್ಯಾಷನಲ್ ಮ್ಯೂಸಿಯಂಗೆ ಹೋಗಿ. ಅದು ಹಳೇ ಸೈನಿಕ ಬ್ಯಾರಕ್ಕು. 1948ರ ಡಿಸೆಂಬರ್ 1ರಂದು ಹೋಸೆ ಫಿಗೆರೆಸ್ ಅಲ್ಲಿನ ಗೋಡೆಗೆ ಸುತ್ತಿಗೆಯಿಂದ ಹೊಡೆದು, ದೇಶಕ್ಕೆ ಇನ್ನು ಸೈನ್ಯ ಇಲ್ಲ ಅಂತ ಸಾರಿದ. ಗೋಡೆಗಳ ಮೇಲೆ ಗುಂಡಿನ ಗುರುತುಗಳನ್ನ ಹಾಗೇ ಬಿಟ್ಟಿದ್ದಾರೆ, ಬೆರಳಿಟ್ಟರೆ ಒಳಗೆ ಹೋಗುವಷ್ಟು.