ಮಗಳ ಸಂದರ್ಶನ, ನಮ್ಮ ಪರೀಕ್ಷೆ

ಮನೆಯ ಮಗು ಪರೀಕ್ಷೆಗೆ ಕುಳಿತಿತೆಂದರೆ ಮನೆಮಂದಿಯೆಲ್ಲ ಪರೀಕ್ಷೆಗೆ ಕುಳಿತಂತೆಯೇ ಸರಿ. ಮಗುವಿನ ಪರೀಕ್ಷೆಗಾದರೋ ಒಂದು ಪಠ್ಯವುಂಟು, ಒಂದು ಅವಧಿಯುಂಟು. ತಂದೆತಾಯಿಗಳ ಪರೀಕ್ಷೆಗೆ ಅವೆರಡೂ ಇಲ್ಲ. ಅಂತಹ ಪರೀಕ್ಷೆಯೊಂದರಲ್ಲಿ ನಾವು ದಂಪತಿಗಳು ಒಮ್ಮೆ ಅನುತ್ತೀರ್ಣರಾದ ಕಥೆಯನ್ನು ಈ ಪತ್ರಿಕೆಯ ಓದುಗ ಬಂಧುಗಳೊಡನೆ ಹಂಚಿಕೊಳ್ಳಬೇಕೆನಿಸಿದೆ. ಇದರಲ್ಲಿ ಹೆಮ್ಮೆಪಡುವುದಕ್ಕಿಂತ ನಾಚಬೇಕಾದದ್ದೇ ಹೆಚ್ಚು. ಆದರೂ ಇದೇ ಹಾದಿಯಲ್ಲಿರುವ ಇನ್ನೊಂದು ಮನೆಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇವೆ.

ನಮ್ಮದು ವಿಜಯಪುರ ಜಿಲ್ಲೆಯ ತಿಕೋಟಾ ಸೀಮೆ. ಎರಡೂವರೆ ಎಕರೆ ದ್ರಾಕ್ಷಿ ತೋಟವೇ ನಮ್ಮ ಜೀವನಾಧಾರ. ಹಿರಿಯ ಮಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಸ್ನಾತಕೋತ್ತರ ಪದವಿ ಪಡೆದಳು. 2018ರಲ್ಲಿ ಗೇಟ್ ಪರೀಕ್ಷೆ ಬರೆದಳು. ಮೂರು ಗಂಟೆಯ ಕಾಲಾವಧಿ, 65 ಪ್ರಶ್ನೆ, 100 ಅಂಕ; ದೇಶದ ಎಲ್ಲ ಮೂಲೆಗಳಿಂದ ಬಂದವರೊಡನೆ ಪೈಪೋಟಿ. ಅದರಲ್ಲಿ ಒಳ್ಳೆಯ ಶ್ರೇಣಿ ದೊರೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಪಿಎಚ್.ಡಿ. ಪ್ರವೇಶದ ಸಂದರ್ಶನಕ್ಕೆ ಕರೆಯೂ ಬಂದಿತು.

ಆ ಸಂಸ್ಥೆಯ ಹಿರಿಮೆಯನ್ನು ಹೇಳಬೇಕಾಗಿಲ್ಲ. ಜಮ್‌ಶೇಟ್‌ಜಿ ಟಾಟಾ ಅವರ ಕನಸಿನಿಂದಲೂ ಮೈಸೂರು ಅರಸರು ನೀಡಿದ ಭೂಮಿಯಿಂದಲೂ 1909ರಲ್ಲಿ ಅಸ್ತಿತ್ವಕ್ಕೆ ಬಂದುದು. ಗೇಟ್, ನೆಟ್ ಮುಂತಾದ ಪರೀಕ್ಷೆಗಳ ಸಾಧನೆ ಅಲ್ಲಿಗೆ ಹೊಸ್ತಿಲವರೆಗೆ ಮಾತ್ರ ಕರೆದೊಯ್ಯುತ್ತದೆ. ಒಳಗೆ ಕಾಲಿಡುವುದು ಸಂದರ್ಶನದ ಬಲದಿಂದ. ಪ್ರಾಧ್ಯಾಪಕರು ಎದುರಿಗೆ ಕುಳಿತು, ಅಭ್ಯರ್ಥಿಯ ಕೈಗೆ ಬರೆಯುವ ಸಾಧನ ಕೊಟ್ಟು ಹಲಗೆಯ ಮುಂದೆ ನಿಲ್ಲಿಸಿ, ಮೂಲತತ್ತ್ವಗಳನ್ನೇ ಕೆದಕಿ ಕೇಳುತ್ತಾರೆ. ಉತ್ತರಕ್ಕಿಂತ ಉತ್ತರದತ್ತ ನಡೆಯುವ ರೀತಿಯನ್ನು ನೋಡುತ್ತಾರೆ. ಈ ಸಂಗತಿ ನಮಗೆ ತಿಳಿದದ್ದು ಬಹಳ ತಡವಾಗಿ.

ಕರೆ ಬಂದ ವಾರದಲ್ಲಿಯೇ ನಾವು ಮಾಡಿದ ಮೊದಲ ತಪ್ಪೆಂದರೆ ಊರಿಗೆಲ್ಲ ಡಂಗುರ ಸಾರಿದ್ದು. ಮಠದಲ್ಲಿ ಪುರಾಣ ಪ್ರವಚನದ ಮಂಗಲದ ದಿನ ಅವಳಿಗೆ ಶಾಲು ಹೊದಿಸಿ ಸನ್ಮಾನಿಸಿದರು. ಅಂದು ನಾವು, “ಇನ್ನು ಮೂರು ತಿಂಗಳಲ್ಲಿ ನಮ್ಮ ಮಗಳು ಬೆಂಗಳೂರಿನ ದೊಡ್ಡ ಸಂಸ್ಥೆಯಲ್ಲಿರುತ್ತಾಳೆ” ಎಂದು ಸಭೆಯಲ್ಲಿಯೇ ನುಡಿದೆವು. ಅದೇ ಸಮಯಕ್ಕೆ ಅವಳಿಗೊಂದು ಒಳ್ಳೆಯ ಸಂಬಂಧವೂ ಬಂದಿತ್ತು. “ಸೀಟು ಸಿಕ್ಕರೆ ಕಾಯೋಣ, ಇಲ್ಲವಾದರೆ ಕಾರ್ತಿಕದಲ್ಲಿ ಲಗ್ನ ಮುಗಿಸೋಣ” ಎಂಬ ಮಾತಿಗೆ, ಅವಳನ್ನು ಒಂದು ಮಾತೂ ಕೇಳದೆ, ಹೂಂ ಎಂದೆವು. ಸಂದರ್ಶನವೆಂಬ ಅರ್ಧ ಗಂಟೆಯ ಮೇಲೆ ಊರಿನ ಮಾನ, ಮನೆಯ ಮಾತು, ಲಗ್ನದ ಮುಹೂರ್ತ ಇಷ್ಟನ್ನೂ ಹೇರಿದ್ದಾಯಿತು.

ಅವಳ ತಯಾರಿ ಹಗಲು ರಾತ್ರಿ ಸಾಗಿತು. ಐದು ದಪ್ಪ ನೋಟುಬುಕ್ಕುಗಳು ತುಂಬಿದವು. ನಾವು ಆ ಪುಸ್ತಕ ಹಿಡಿದು ಪ್ರಶ್ನೆ ಕೇಳುತ್ತಿದ್ದೆವು, ಅವಳು ಒಪ್ಪಿಸುತ್ತಿದ್ದಳು. ಒಂದು ಶಬ್ದ ತಪ್ಪಿದರೂ ನಮ್ಮ ಹುಬ್ಬು ಗಂಟಿಕ್ಕುತ್ತಿತ್ತು. ಒಮ್ಮೆ ನಡುರಾತ್ರಿ ಎದ್ದು ನೋಡಿದಾಗ ಪಡಸಾಲೆಯಲ್ಲಿ ದೀಪ ಉರಿಯುತ್ತಿತ್ತು. “ಅವ್ವಾ, ಓದಿದಷ್ಟೂ ನನಗೇನೂ ಗೊತ್ತಿಲ್ಲ ಅನಸ್ತದ” ಎಂದಳು. “ಹಂಗ ಅನಬ್ಯಾಡ, ಅಪಶಕುನ” ಎಂದು ಬಾಯಿ ಮುಚ್ಚಿಸಿದೆವು. ಸಂಶಯವನ್ನು ನಾವು ರೋಗವೆಂದು ಬಗೆದೆವು. ಅದನ್ನು ಹೇಳಿಕೊಳ್ಳಲು ಅವಳಿಗೆ ಮನೆಯಲ್ಲಿ ಜಾಗವೇ ಉಳಿಯಲಿಲ್ಲ.

ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಸಂಜೆ ಹೊರಟು ಬೆಳಗಿಗೆ ಬೆಂಗಳೂರು ಮುಟ್ಟಿದೆವು. ಮರಗಳ ನೆರಳಿನ ಆ ಆವರಣದಲ್ಲಿ ಅವಳು ಒಳಗೆ ಹೋದಳು, ನಾವು ಕಲ್ಲುಕಟ್ಟೆಯ ಮೇಲೆ ಕುಳಿತೆವು. ಹೊರಬಂದವಳ ಮುಖ ನೋಡಿದೊಡನೆ ಕೇಳಬೇಕಾದದ್ದೇನೂ ಉಳಿಯಲಿಲ್ಲ. ಕೆಲವು ದಿನಗಳ ನಂತರ ಪ್ರಕಟವಾದ ಆಯ್ಕೆಯ ಪಟ್ಟಿಯಲ್ಲಿ ಅವಳ ಸಂಖ್ಯೆ ಇರಲಿಲ್ಲ.

ಮೂರು ದಿನ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ನಾಲ್ಕನೆಯ ದಿನ ಅವಳೇ ಬಾಯಿಬಿಟ್ಟಳು. ಪ್ರಶ್ನೆ ಕಠಿಣವಾಗಿರಲಿಲ್ಲವಂತೆ. ಮೈಲುತುತ್ತದ ಹರಳು ನೀಲಿ ಏಕೆ ಎಂದು ಕೇಳಿದರು, ಪುಸ್ತಕದಲ್ಲಿದ್ದುದನ್ನು ಒಪ್ಪಿಸಿದಳು. “ಅದನ್ನು ಕಾಯಿಸಿದರೆ ಬೆಳ್ಳಗಾಗುತ್ತದೆಯಲ್ಲ, ಒಳಗಿನ ತಾಮ್ರ ಅದೇ ತಾಮ್ರ, ಬಣ್ಣವೇಕೆ ಹೋಯಿತು?” ಎಂದು ಮೃದುವಾಗಿಯೇ ಮರುಪ್ರಶ್ನೆ ಹಾಕಿದರು. ಅದು ಐದು ನೋಟುಬುಕ್ಕುಗಳಲ್ಲಿ ಎಲ್ಲಿಯೂ ಇರಲಿಲ್ಲ.

“ವಿಚಾರ ಮಾಡಿದ್ರ ಹೊಳೀತಿತ್ತಪ್ಪಾ. ಖರೇ ಹೇಳ್ಲ್ಯಾ? ಆ ಹೊತ್ತಿನಾಗ ನಾ ಉತ್ತರ ಹುಡುಕಲೇ ಇಲ್ಲ. ನಿಮ್ಮಿಬ್ಬರ ಮಾರಿ ಕಣ್ಣಮುಂದ ಬಂತು. ಮಠದಾಗ ಏನ್ ಹೇಳ್ತಾರ ಅಂತ ಅನಿಸ್ತು. ಆಮ್ಯಾಲ ಏನೂ ಕಾಣಲಿಲ್ಲ.”

ಈ ಮಾತು ನಮ್ಮ ಎದೆಗೆ ನಾಟಿತು. ಮಗಳ ಬೆನ್ನಿಗೆ ನಿಂತಿದ್ದೇವೆಂದು ಭಾವಿಸಿದ್ದೆವು. ನಿಜವಾಗಿ ಅವಳಿಗೂ ಹಲಗೆಗೂ ನಡುವೆ ನಿಂತಿದ್ದೆವು.

ಅಂದು ರಾತ್ರಿ ಮನೆಯ ಹಿರಿಯ ಜೀವ ಆಯಿ, ಲಿಂಗಪೂಜೆ ಮುಗಿಸಿ, ನಮ್ಮನ್ನು ಹತ್ತಿರ ಕೂರಿಸಿಕೊಂಡು ಅನುಭವ ಮಂಟಪದ ಕಥೆಯನ್ನೇ ಹೇಳಿದರು. ಹದಿನೈದನೆಯ ಶತಮಾನದ ಶೂನ್ಯಸಂಪಾದನೆಯಲ್ಲಿ ಬರುವ ಆ ಪ್ರಸಂಗವನ್ನು ಬಲ್ಲದ ಶರಣ ಮನೆತನ ಯಾವುದು? ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭುಗಳು ಆಕೆಯನ್ನು ಒಮ್ಮೆಲೇ ಬರಮಾಡಿಕೊಳ್ಳಲಿಲ್ಲ, ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದರು. ಆ ಪ್ರಶ್ನೆಗಳು ನಿಷ್ಠುರವೂ ಆಗಿದ್ದವು. ಅಕ್ಕ ಕಲಿತ ಪಾಠ ಒಪ್ಪಿಸಲಿಲ್ಲ, ತಾನು ಕಂಡುದನ್ನು ಹೇಳಿದಳು. ಆಕೆಯ ಹಿರಿಮೆ ನೆರೆದ ಶರಣರಿಗೆಲ್ಲ ತಿಳಿದದ್ದು ಆ ಪ್ರಶ್ನೆಗಳಿಂದಲೇ. ಕಥೆ ಮುಗಿಸಿ ಆಯಿ, “ಕೇಳವ್ರು ವೈರಿಗಳಲ್ಲೋ. ಒಳಗ ಇದ್ದದ್ದು ಹೊರಗ ಬರಲಿ ಅಂತ ಕೇಳ್ತಾರ. ನೀವು ಆ ಕೂಸಿನ ಒಳಗ ನಿಮ್ಮನ್ನ ತುಂಬೀರಿ, ಅದರದ್ದು ಹೆಂಗ ಹೊರಗ ಬರಬೇಕು?” ಎಂದರು. ಸೀಟು ಸಿಕ್ಕರೆ ಇಂತಿಷ್ಟು ಮಾಡಿಸುತ್ತೇವೆಂದು ನಾವು ಹರಕೆ ಹೊತ್ತಿದ್ದುದೂ ಅವರಿಗೆ ತಿಳಿದಿತ್ತು. “ಲಿಂಗದ ಮುಂದ ವ್ಯಾಪಾರ ಮಾಡಬಾರದು. ಆಕೀ ಕೆಲಸ ಓದು, ನಿಮ್ಮ ಕೆಲಸ ತ್ವಾಟ. ಅಷ್ಟು ಮಾಡ್ರಿ” ಎಂದು ಎದ್ದುಹೋದರು.

ಮರುದಿನವೇ ಬೀಗತನ ಕೇಳಿದ್ದವರ ಮನೆಗೆ ಹೋಗಿ, ಮಗಳ ಓದಿಗೆ ಅವಧಿ ಹಾಕಲಾರೆವೆಂದೂ ಅವರು ಬೇರೆ ಕಡೆ ನೋಡಿದರೆ ನಮಗೆ ಬೇಸರವಿಲ್ಲವೆಂದೂ ಕೈಮುಗಿದು ಹೇಳಿ ಬಂದೆವು. ಮಗಳಿಗೆ, “ಮತ್ತೊಮ್ಮೆ ಹೋಗೂದು ಬಿಡೂದು ನಿನಗ ಬಿಟ್ಟದ್ದವ್ವಾ” ಎಂದೆವು. ಗೇಟ್ ಅಂಕಗಳಿಗೆ ಮೂರು ವರ್ಷದ ಮಾನ್ಯತೆಯಿರುವುದರಿಂದ ಮತ್ತೆ ಆ ಪರೀಕ್ಷೆ ಬರೆಯಬೇಕಾದ ಹೊರೆ ಇರಲಿಲ್ಲ. ಅವಳು ಹತ್ತಿರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿದಳು. ಸಂಬಳ ಅಲ್ಪ, ಆದರೆ ಲಾಭ ದೊಡ್ಡದಾಯಿತು. ಹಳ್ಳಿಯಿಂದ ಬಂದ ಮಕ್ಕಳು ಎದ್ದುನಿಂತು “ಯಾಕ್ರಿ ಮೇಡಂ?” ಎಂದು ಕೇಳಿದರೆ ಒಪ್ಪಿಸಿದ ಪಾಠ ಸಾಲದು, ತನಗೇ ಅರ್ಥವಾಗಿರಬೇಕು. ದಿನವೂ ಹಲಗೆಯ ಮುಂದೆ ನಿಂತು, ತಪ್ಪಿ, ಅಳಿಸಿ, ಮತ್ತೆ ಬರೆದು ಅವಳ ಕೈಯ ನಡುಕ ಹೋಯಿತು.

ದ್ರಾಕ್ಷಿ ಚಾಟಣಿ ಮುಗಿದು ಔಷಧ ಹೊಡೆಯುವ ಕಾಲ ಬಂದಿತ್ತು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಶೇಕಡಾ ಒಂದರ ಬೋರ್ಡೋ ದ್ರಾವಣವನ್ನು ನಾವು ಎಷ್ಟೋ ವರ್ಷಗಳಿಂದ ಕಲಸುತ್ತ ಬಂದವರು. ಸುಣ್ಣ ಸಾಕಾಯಿತೋ ಇಲ್ಲವೋ ಎಂದು ನೋಡಲು ಕುಡಗೋಲನ್ನು ಅದರಲ್ಲಿ ಅದ್ದುತ್ತೇವೆ. ಅಲಗಿನ ಮೇಲೆ ಕೆಂಪು ಛಾಯೆ ಕುಳಿತರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಅಂದು ಮಗಳು ಆ ಕುಡಗೋಲನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಕಬ್ಬಿಣ ದ್ರಾವಣಕ್ಕಿಳಿದು ತಾಮ್ರವನ್ನು ಹೊರಗೆ ತಳ್ಳುತ್ತದೆ, ಆ ತಾಮ್ರವೇ ಈ ಕೆಂಪು ಎಂದು ನಮಗೆ ಬಿಡಿಸಿ ಹೇಳಿದಳು. ನಾವು ಕೈಯಿಂದ ಬಲ್ಲದ್ದನ್ನು ಅವಳು ಕಾರಣದಿಂದ ಬಲ್ಲಳು. ಒಂದೇ ತೋಟದಲ್ಲಿದ್ದೂ ಈ ಎರಡು ತಿಳಿವಳಿಕೆಗಳು ಅಂದಿನವರೆಗೆ ಭೇಟಿಯಾಗಿರಲಿಲ್ಲ.

ಅಂದು ಸಂಜೆ ಅಂಗಳದಲ್ಲಿ ಹಳೆಯ ಮಣ್ಣಿನ ಪಣತಿಯೊಂದರಲ್ಲಿ ಚಿಟಿಕೆ ಮೈಲುತುತ್ತ ಹಾಕಿ ಕಾಯಿಸಿದಳು. ನವಿಲುಗೊರಳಿನ ನೀಲಿ ನಿಧಾನವಾಗಿ ಇಳಿದು, ಬೂದಿಯಂತಹ ಬಿಳಿ ಪುಡಿ ಉಳಿಯಿತು. ಆರಿದ ಮೇಲೆ ಎರಡು ಹನಿ ನೀರು ಬಿಟ್ಟಳು. ಪುಡಿ ಬಿಸಿಯಾಗಿ ಮತ್ತೆ ನೀಲಿಯಾಯಿತು. ಆಯಿ ಮಗುವಿನಂತೆ ಚಪ್ಪಾಳೆ ತಟ್ಟಿದರು. ಹರಳಿನೊಳಗೆ ಪ್ರತಿ ತಾಮ್ರಕ್ಕೆ ಐದು ನೀರಿನ ಅಣುಗಳಿರುತ್ತವೆಯಂತೆ. ಅವುಗಳಲ್ಲಿ ನಾಲ್ಕು ತಾಮ್ರವನ್ನೇ ಹಿಡಿದುಕೊಂಡಿರುತ್ತವೆ. ಯಾವ ಬೆಳಕನ್ನು ಹೀರಬೇಕೆಂಬುದು ಈ ನೆರೆಹೊರೆಯಿಂದ ನಿರ್ಧಾರವಾಗುತ್ತದೆ. ನೀರು ಸುತ್ತಲಿದ್ದಾಗ ಕೆಂಪಿನ ಕಡೆಯ ಬೆಳಕನ್ನು ಹೀರಿ ನಮಗೆ ನೀಲಿಯಾಗಿ ಕಾಣುತ್ತದೆ. ನೀರು ಹೋದರೆ ಹೀರುವ ಬೆಳಕು ಕಣ್ಣಿಗೆ ಕಾಣದ ಕಡೆಗೆ ಸರಿಯುತ್ತದೆ, ಪುಡಿ ಬೆಳ್ಳಗೆ ತೋರುತ್ತದೆ. “ತಾಮ್ರ ಬದಲಾಗೂದಿಲ್ಲಪ್ಪಾ, ಸುತ್ತ ಇದ್ದವರು ಬದಲಾಗ್ತಾರ” ಎಂದು ನಕ್ಕಳು. ಅವಳು ರಸಾಯನಶಾಸ್ತ್ರವನ್ನೇ ಹೇಳುತ್ತಿದ್ದಳು, ನಾವು ಮಾತ್ರ ಬೇರೆಯದನ್ನೂ ಕೇಳಿಸಿಕೊಂಡೆವು. ಮೈಲುತುತ್ತ ವಿಷವಾದುದರಿಂದ ಆ ಪಣತಿಯನ್ನು ಒಡೆದು ಹೂಳಿದೆವು.

ಅಂದಿನಿಂದ ತಯಾರಿಯ ರೀತಿಯೇ ಬದಲಾಯಿತು. ಅಗತ್ಯಕ್ಕಿಂತ ಹೆಚ್ಚಾಗಿ ಆರಿಸಿ ತಂದ ಅಕ್ಕಿಯನ್ನು ಹಿಂದಿರುಗಿಸಿ ಬರುವಂತೆ ಆಯ್ದಕ್ಕಿ ಲಕ್ಕಮ್ಮ ಮಾರಯ್ಯನಿಗೆ ಹೇಳಿದಳಲ್ಲವೇ? ಹಾಗೆ ಐದು ನೋಟುಬುಕ್ಕುಗಳಲ್ಲಿ ಮೂರನ್ನು ಕಟ್ಟಿ ಅಟ್ಟಕ್ಕೇರಿಸಿದಳು. ತಾನು ಚೆನ್ನಾಗಿ ಬಲ್ಲ ಕೆಲವೇ ವಿಷಯಗಳನ್ನು ಆರಿಸಿಕೊಂಡು ಬುಡದಿಂದ ಓದಿದಳು. ದಿನವೂ ಸಂಜೆ ಒಂದು ಸಂಗತಿಯನ್ನು ಅಚ್ಚಗನ್ನಡದಲ್ಲಿ ನಮಗೂ ಆಯಿಗೂ ವಿವರಿಸುವಳು. ನಮಗೆ ತಿಳಿಯದಿದ್ದರೆ ತನಗೂ ಪೂರ್ತಿ ತಿಳಿದಿಲ್ಲವೆಂದು ಮತ್ತೆ ಪುಸ್ತಕ ತೆರೆಯುವಳು. “ಗೊತ್ತಿಲ್ಲ” ಎನ್ನುವುದನ್ನೂ ಅಭ್ಯಾಸ ಮಾಡಿದಳು. ಗೊತ್ತಿಲ್ಲ ಎಂದಲ್ಲಿಗೇ ನಿಲ್ಲದೆ, ಗೊತ್ತಿರುವಲ್ಲಿಂದ ಹೇಗೆ ಮುಂದೆ ಹೆಜ್ಜೆ ಇಡಬಹುದೆಂದು ಹುಡುಕುವುದು ಅವಳ ಹೊಸ ವ್ರತವಾಯಿತು. ರಾತ್ರಿ ಹತ್ತಕ್ಕೆ ದೀಪ ಆರಿಸುವುದೆಂದು ಮನೆಯವರೆಲ್ಲ ನಿಯಮ ಮಾಡಿಕೊಂಡೆವು. ಯಾರಾದರೂ ಸಂದರ್ಶನದ ಸುದ್ದಿ ತೆಗೆದರೆ, ದ್ರಾಕ್ಷಿಯ ಧಾರಣೆಯತ್ತ ಮಾತು ಹೊರಳಿಸುವುದು ನಮ್ಮ ಪಾಲಿನ ಕಾಯಕವಾಯಿತು.

ಆ ದಿನಗಳಲ್ಲಿಯೇ ಅವಳು ನಮಗೆ ಕಮಲಾ ಸೊಹೋನಿಯವರ ಕಥೆ ಹೇಳಿದಳು. 1933ರಲ್ಲಿ ಅದೇ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ಹೆಣ್ಣೆಂಬ ಕಾರಣಕ್ಕೆ ಅಂದಿನ ನಿರ್ದೇಶಕ ಸರ್ ಸಿ.ವಿ. ರಾಮನ್ ಅವರು ಪ್ರವೇಶ ನಿರಾಕರಿಸಿದರು. ಆಕೆ ಹಟ ಬಿಡದೆ, ಹಲವು ನಿಬಂಧನೆಗಳಿಗೆ ಒಳಪಟ್ಟು ಸೇರಿ, ತನ್ನ ಕೆಲಸದಿಂದಲೇ ಅವರ ಮನಸ್ಸನ್ನು ಒಲಿಸಿಕೊಂಡರು. ಮುಂದೆ ಕೇಂಬ್ರಿಡ್ಜಿನಲ್ಲಿ 1939ರಲ್ಲಿ ಪಿಎಚ್.ಡಿ. ಪಡೆದರು. “ಆಕೀಗೆ ಬಾಗಿಲಾ ಮುಚ್ಚಿತ್ತು, ನನಗ ತೆರೆದದ ಅಲ್ಲೇನವ್ವಾ?” ಎಂದಳು ಮಗಳು.

2019ರಲ್ಲಿ ಮತ್ತೆ ಕರೆ ಬಂದಿತು. ಈ ಸಲ ಊರಿಗೆ ಹೇಳಲಿಲ್ಲ. ಅವಳೊಡನೆ ಹೋಗಲೇ ಎಂದು ಕೇಳಿದೆವು, “ನಾ ಒಬ್ಬಾಕಿನ ಹೋಗಿಬರ್ತೀನಿ” ಎಂದಳು. ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟು ರೈಲು ಹತ್ತಿಸಿದೆವು. ಸಂಜೆ ಫೋನಿನಲ್ಲಿ ಅವಳ ದನಿ ಹಗುರವಾಗಿತ್ತು. ಮೈಲುತುತ್ತದ ಪ್ರಶ್ನೆ ಬರಲೇ ಇಲ್ಲವಂತೆ! ಮಂಜುಗಡ್ಡೆ ನೀರಿನ ಮೇಲೇಕೆ ತೇಲುತ್ತದೆಂಬಲ್ಲಿಂದ ಹಿಡಿದು ಅವಳು ಕೇಳಿಯೇ ಇರದ ಸಂಗತಿಯವರೆಗೆ ಕರೆದೊಯ್ದರಂತೆ. ಅಲ್ಲಿ ಅವಳು, ತನಗಿದು ಗೊತ್ತಿಲ್ಲ, ಆದರೆ ಹಲಗೆಯ ಮೇಲೆ ಯೋಚಿಸಿ ನೋಡಬಹುದೇ ಎಂದು ಕೇಳಿದಳಂತೆ. ಅರ್ಧ ದಾರಿಯಲ್ಲಿ ತಪ್ಪಿದಳು, ಅವರು ಒಂದು ಸುಳಿವು ಕೊಟ್ಟರು, ಮತ್ತೆ ಮುಂದುವರಿದಳು. “ಸೀಟು ಸಿಗಲಿ ಬಿಡಲಿ ಅಪ್ಪಾ, ಇವತ್ತ ಒಂದು ಹೊಸಾದು ಕಲತೆ” ಎಂದಳು. ಆ ಮಾತು ಕೇಳಿದ ಕ್ಷಣದಲ್ಲಿಯೇ ನಮ್ಮ ಪಾಲಿನ ಫಲಿತಾಂಶ ಬಂದಂತಾಯಿತು.

ಪಟ್ಟಿಯಲ್ಲಿ ಹೆಸರು ಬಂದದ್ದು ಅದರ ನಂತರ. ಆಗಸ್ಟ್ ತಿಂಗಳಲ್ಲಿ ಸೇರಿದಳು. ಇಂತಹ ಸಂಶೋಧನೆಗೆ ಶಿಷ್ಯವೇತನವಿರುತ್ತದೆಂಬುದನ್ನು ನಮ್ಮ ಸಮಾಜದ ಅನೇಕ ಮನೆಗಳು ಅರಿಯವು. ಕಿರಿಯ ಸಂಶೋಧನಾ ಶಿಷ್ಯವೇತನ 2019ರ ಜನವರಿಯಿಂದ ತಿಂಗಳಿಗೆ 31,000 ರೂಪಾಯಿ ಇದ್ದುದು 2023ರ ಜನವರಿಯಿಂದ 37,000 ಆಗಿದೆ. ಹೆಣ್ಣುಮಕ್ಕಳ ಉನ್ನತ ಓದು ಮನೆಗೆ ಭಾರವೆಂಬ ಅಂಜಿಕೆ ಯಾರಿಗಾದರೂ ಇದ್ದರೆ ಬಿಡಬಹುದು.

ಓದುಗ ಬಂಧುಗಳೇ, ಎರಡನೆಯ ಸಲವೂ ಹೆಸರು ಬರದಿದ್ದರೆ ಈ ಲೇಖನ ಬರೆಯುತ್ತಿದ್ದೆವೋ ಎಂದು ನಮ್ಮನ್ನು ನಾವೇ ಕೇಳಿಕೊಂಡಿದ್ದೇವೆ. ಬರೆಯಬೇಕಾಗಿತ್ತೆಂದೇ ಈಗ ಅನಿಸುತ್ತದೆ. ನಿಮ್ಮ ಮನೆಯಲ್ಲಿಯೂ ಇಂದು ರಾತ್ರಿ ದೀಪ ಉರಿಯುತ್ತಿರಬಹುದು. ಆ ಮಗು “ನನಗೇನೂ ಗೊತ್ತಿಲ್ಲ ಅನಿಸುತ್ತದೆ” ಎಂದರೆ ಬಾಯಿ ಮುಚ್ಚಿಸಬೇಡಿ. ಪಕ್ಕದಲ್ಲಿ ಕುಳಿತು, ಏನು ಗೊತ್ತಿಲ್ಲವೆಂದು ಕೇಳಿ. ಉತ್ತರ ನಿಮಗೆ ತಿಳಿಯದಿದ್ದರೂ ಚಿಂತೆಯಿಲ್ಲ.