ಹೇಳಿಕೊಂಡ ನೋವು

ಜುವಾರಿನಗರದಲ್ಲಿ, ಅಲ್ಲಿಯವರ ಬಾಯಲ್ಲಿ ಇಂದಿಗೂ ‘ಬಿರ್ಲಾ’ ಎಂದೇ ಕರೆಸಿಕೊಳ್ಳುವ ವಸತಿಯಲ್ಲಿ, ಎರಡು ಕೋಣೆಯ ಮನೆಯೊಂದಕ್ಕೆ ಕಳೆದ ಮಳೆಗಾಲದಲ್ಲಿ ಒಬ್ಬ ತಾಯಿ ಆಸ್ಪತ್ರೆಯಿಂದ ಮರಳಿದರು. ಬಾದಾಮಿ ಕಡೆಯ ಹಳ್ಳಿಯಿಂದ ಸೊಸೆಯಾಗಿ ಗೋವೆಗೆ ಬಂದು ಅವರಿಗೆ ಇಪ್ಪತ್ತು ವರ್ಷಗಳಾಗಿದ್ದವು. ವಯಸ್ಸು ನಲವತ್ತರ ಆಸುಪಾಸು. ತೂಕ 112 ಕಿಲೋ. ಹತೋಟಿಗೆ ಬಾರದ ಸಕ್ಕರೆ ಕಾಯಿಲೆ. ನಿದ್ದೆಯಲ್ಲಿ ಗೊರಕೆಯ ನಡುವೆ ಉಸಿರೇ ನಿಂತಂತಾಗುವ ತೊಂದರೆ. ಇವೆಲ್ಲವುಗಳಿಗಾಗಿ ಪಣಜಿ ಕಡೆಯ ಆಸ್ಪತ್ರೆಯೊಂದರಲ್ಲಿ ತೂಕ ಇಳಿಸುವ ಶಸ್ತ್ರಚಿಕಿತ್ಸೆ ನಡೆದಿತ್ತು. ಆದರೆ ಕೇಳಿದವರಿಗೆಲ್ಲ ಮನೆಯವರು ಹೇಳಿದ್ದು ಬೇರೆ: ‘ಹರ್ನಿಯಾ ಆಪರೇಷನ್.’

ಯಾರನ್ನೂ ವಂಚಿಸಲು ಹೇಳಿದ ಸುಳ್ಳಲ್ಲ ಅದು. ದುಡಿದು ತಿನ್ನುವವರ ಕೇರಿಯಲ್ಲಿ ಬೊಜ್ಜನ್ನು ಕಾಯಿಲೆಯೆಂದು ಒಪ್ಪುವವರು ಕಡಿಮೆ. ‘ತಿನ್ನೂದು ಬಿಟ್ಟಿದ್ರ ಸಾಕಿತ್ತು, ಹೊಟ್ಟಿ ಯಾಕ ಕೊಯ್ಸಕೋಬೇಕಿತ್ತು’ ಎಂಬ ಮಾತು ಕೇಳಬೇಕಾದೀತೆಂಬ ಅಂಜಿಕೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಯುವನಟಿಯೊಬ್ಬರು ಕೊಬ್ಬು ತೆಗೆಸುವ ಚಿಕಿತ್ಸೆಗೆ ಹೋಗಿ ತೀರಿಕೊಂಡ ಸುದ್ದಿಯೂ ಅತ್ತೆಯ ಮನಸ್ಸಿನಲ್ಲಿ ಹಸಿಯಾಗಿಯೇ ಇತ್ತು. ವಾಸ್ತವದಲ್ಲಿ ಎರಡೂ ಒಂದಲ್ಲ. ಅದು ದೇಹದ ಆಕಾರಕ್ಕಾಗಿ ಚರ್ಮದಡಿಯ ಕೊಬ್ಬನ್ನು ತೆಗೆಯುವ ಚಿಕಿತ್ಸೆ. ಇದು ರೋಗದ ಹತೋಟಿಗಾಗಿ ಜಠರವನ್ನೇ ಕಿರಿದುಗೊಳಿಸುವಂಥದು. ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ರಂಧ್ರ ಮಾಡಿ, ಜಠರದ ಸುಮಾರು ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆದು, ಬಾಳೆಕಾಯಿಯ ಆಕಾರದ ಸಪೂರ ಚೀಲವನ್ನಷ್ಟೇ ಉಳಿಸುತ್ತಾರೆ. ‘ಸ್ಲೀವ್ ಗ್ಯಾಸ್ಟ್ರೆಕ್ಟಮಿ’ ಎಂದು ಅದರ ಹೆಸರು. ಇದು ಶೋಕಿಯ ಚಿಕಿತ್ಸೆಯಲ್ಲವೆಂಬುದನ್ನು ವಿಮಾ ನಿಯಂತ್ರಣ ಪ್ರಾಧಿಕಾರವೂ ಒಪ್ಪಿದೆ. ಅದರ 2019ರ ಮಾರ್ಗಸೂಚಿಯಂತೆ, ದೇಹತೂಕ ಸೂಚ್ಯಂಕ 40 ಅಥವಾ ಅದಕ್ಕೂ ಹೆಚ್ಚಿದ್ದು, ಇಲ್ಲವೇ 35 ಅಥವಾ ಅದಕ್ಕಿಂತ ಹೆಚ್ಚಿದ್ದು ಹತೋಟಿ ಮೀರಿದ ಮಧುಮೇಹದಂಥ ತೀವ್ರ ಕಾಯಿಲೆಯಿದ್ದು, ಉಳಿದ ಉಪಾಯಗಳು ಫಲಿಸದೆ ವೈದ್ಯರು ಸಲಹೆ ಮಾಡಿದ್ದರೆ, ಬೊಜ್ಜಿನ ಚಿಕಿತ್ಸೆಯನ್ನು ಹೊರಗಿಡುವ ಕಲಮು ಅನ್ವಯಿಸುವುದಿಲ್ಲ. ಗಂಡ ದುಡಿಯುವ ಕಂಪನಿಯ ವಿಮೆ ಈ ವೆಚ್ಚವನ್ನು ಭರಿಸಿದ್ದು ಆ ಬಲದಿಂದಲೇ.

ಆಸ್ಪತ್ರೆಯಲ್ಲಿದ್ದ ಮೂರು ದಿನವೂ ನರ್ಸ್ ಹಿಂದಿಯಲ್ಲಿ ಒಂದೇ ಪ್ರಶ್ನೆ ಕೇಳುತ್ತಿದ್ದರು: ಸೊನ್ನೆಯಿಂದ ಹತ್ತರವರೆಗೆ ಎಣಿಸಿದರೆ ನೋವು ಎಷ್ಟು? ಆ ತಾಯಿಯ ಉತ್ತರವೂ ಒಂದೇ: ಎರಡು. ದೊಡ್ಡ ಅಂಕಿ ಹೇಳಲು ಅವರಿಗೆ ಸಂಕೋಚ. ಎರಡು ಹೆರಿಗೆಯಲ್ಲಿ ತುಟಿ ಕಚ್ಚಿ ಮಲಗಿದವರು, ಜ್ವರದಲ್ಲೂ ನೀರಿನ ಕೊಡ ಹೊತ್ತವರು. ನೋವನ್ನು ನುಂಗುವುದೇ ಹೆಣ್ಣಿನ ಗಟ್ಟಿತನವೆಂದು ತವರಿನಲ್ಲಿ ಕಲಿತು ಬಂದಿದ್ದರು. ಮನೆಗೆ ಹೊರಟ ದಿನ ಹೊಸ ಜುವಾರಿ ಸೇತುವೆಯ ಮೇಲೆ ಕಾರು ಸರಾಗವಾಗಿ ಸಾಗಿತು. ಕುಠ್ಠಾಳಿ ದಾಟಿದ ಮೇಲೆ ಪ್ರತಿ ಉಬ್ಬಿಗೂ ಹೊಟ್ಟೆಯೊಳಗೆ ಹರಿದಂತಾಯಿತು. ಆಗಲೂ ಅವರು ಬಾಯಿ ಬಿಡಲಿಲ್ಲ.

ಆಸ್ಪತ್ರೆಯವರು ಕೈಗಿತ್ತಿದ್ದು ಇಂಗ್ಲಿಷಿನಲ್ಲಿದ್ದ ಎರಡು ಪುಟದ ಕಾಗದ. ಅದು ಮದ್ದಿನ ಚೀಲದಲ್ಲೇ ಉಳಿಯುತ್ತಿತ್ತೇನೋ. ಕನ್ನಡ ಮಾಧ್ಯಮದಲ್ಲಿ ಒಂಬತ್ತನೆಯ ತರಗತಿ ಓದುವ ಮಗಳು ಅದನ್ನು ಹೊರತೆಗೆದು, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಕುಳಿತಳು. ತಿಳಿಯದ ಮಾತುಗಳಿಗೆ ಗೆರೆ ಎಳೆದುಕೊಂಡು ತನ್ನ ಹಳೆಯ ಅಕ್ಕೋರ ಮನೆಗೆ ಹೋದಳು. ಅವರಿಗೂ ತಿಳಿಯದಿದ್ದಾಗ ಇಬ್ಬರೂ ಕಾಗದದ ಮೇಲಿದ್ದ ದೂರವಾಣಿ ಸಂಖ್ಯೆಗೆ ಕರೆ ಮಾಡಿ ಕೇಳಿದರು. ಹಾಗೆ ಕೇಳುವುದು ಯಾರನ್ನೂ ಬೇಡಿದಂತಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದು, ಕಾಯಿಲೆ ಮತ್ತು ಚಿಕಿತ್ಸೆಯ ವಿವರವನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕೆನ್ನುತ್ತದೆ. ಅಂದು ಸಂಜೆಯೊಳಗೆ ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನಿನ ಮೇಲೆ ಎಲ್ಲವೂ ಕನ್ನಡದಲ್ಲಿ ಮೂಡಿ, ಅಡುಗೆಮನೆಯ ಬಾಗಿಲ ಹಿಂದೆ ಅಂಟಿಕೊಂಡಿತು.

ಹಾಳೆಯ ಮೇಲ್ಭಾಗದಲ್ಲಿ ನಿತ್ಯದ ನೋವಿನ ಮಾತುಗಳಿದ್ದವು. ಪ್ಯಾರಾಸಿಟಮಾಲ್ ಅನ್ನು ನೋವು ಏರುವವರೆಗೆ ಕಾಯದೆ, ಮೊದಲ ಕೆಲವು ದಿನ ಗಡಿಯಾರ ನೋಡಿ ಕೊಡಬೇಕು. ಆದರೆ ಬರೆದುಕೊಟ್ಟ ಪ್ರಮಾಣ ಮೀರಬಾರದು; ನೆಗಡಿಯ ಅನೇಕ ಮಾತ್ರೆಗಳಲ್ಲೂ ಅದೇ ಮದ್ದು ಅಡಗಿರುವುದರಿಂದ ಎರಡನ್ನೂ ಕೂಡಿಸಬಾರದು. ದೊಡ್ಡ ಮಾತ್ರೆಯನ್ನು ಪುಡಿ ಮಾಡುವ ಮುನ್ನ ಕೇಳಬೇಕು, ಎಲ್ಲ ಮಾತ್ರೆಗಳನ್ನೂ ಪುಡಿ ಮಾಡುವಂತಿಲ್ಲ. ಕೆಮ್ಮು ಬಂದಾಗ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿಯಬೇಕು. ಏಳುವಾಗ ನೆಟ್ಟಗೆ ಏಳದೆ, ಮಗ್ಗುಲಿಗೆ ಹೊರಳಿ ಕೈಯೂರಿ ಏಳಬೇಕು. ಗಂಜಿಯ ತಿಳಿಯಾಗಲಿ ಬೇಳೆಯ ಕಟ್ಟಾಗಲಿ ಗುಟುಕು ಗುಟುಕಾಗಿ. ಅವಸರದ ಒಂದು ದೊಡ್ಡ ಗುಟುಕು ಎದೆಯ ನಡುವೆ ಹಿಂಡಿದಂಥ ನೋವು ತರುತ್ತದೆ. ಕೊಡ ಎತ್ತುವ ಮಾತು ಒಂದೂವರೆ ತಿಂಗಳು ಇಲ್ಲ. ಕೊನೆಗೆ, ಟ್ರಮಡಾಲ್ ಎಂಬ ಬಲವಾದ ಐದು ಮಾತ್ರೆಗಳ ಬಗ್ಗೆ ಎಚ್ಚರಿಕೆ. ಅದು 2018ರಿಂದ ಮಾದಕವಸ್ತು ಕಾಯ್ದೆಯ ವ್ಯಾಪ್ತಿಗೆ ಬಂದಿರುವ ಮದ್ದು. ಮಂಪರು, ಮಲಬದ್ಧತೆ ತರುತ್ತದೆ; ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ ಅಪಾಯ ಇನ್ನೂ ಹೆಚ್ಚು. ಉಳಿದರೆ ಇನ್ನೊಬ್ಬರಿಗೆ ಕೊಡುವಂತಿಲ್ಲ.

ನಾಲ್ಕನೆಯ ದಿನ ಬಲ ಭುಜ ನೂಸತೊಡಗಿತು. ಕೊಯ್ದದ್ದು ಹೊಟ್ಟೆ, ಬ್ಯಾನಿ ಭುಜಕ್ಕೆ, ಅತ್ತೆಗೆ ದಿಗಿಲಾಯಿತು. ಹಾಳೆಯಲ್ಲಿ ಅದಕ್ಕೂ ಉತ್ತರವಿತ್ತು. ಶಸ್ತ್ರಚಿಕಿತ್ಸೆಯ ವೇಳೆ ಹೊಟ್ಟೆಯನ್ನು ಉಬ್ಬಿಸಲು ತುಂಬಿದ ಅನಿಲ ಒಳಗೆ ಸ್ವಲ್ಪ ಉಳಿದು, ಎದೆ-ಹೊಟ್ಟೆಗಳ ನಡುವಿನ ಪರದೆಯನ್ನು ಕೆರಳಿಸಿದಾಗ ನೋವು ಭುಜದಲ್ಲಿ ತೋರುತ್ತದೆ. ನಡೆದಾಡಿದರೆ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಮಗಳು ತಾಯಿಯ ಕೈ ಹಿಡಿದು ಕೋಣೆಯಿಂದ ಕೋಣೆಗೆ ನಡೆಸಿದಳು.

ಅಷ್ಟರಲ್ಲಿ ಪಕ್ಕದ ಮನೆಯ ಗದಗಿನ ಹೆಂಗಸು ಬಂದರು. ಅವರದು ದೊಡ್ಡ ಮನಸ್ಸು. ‘ಅಕ್ಕಾ, ಹರ್ನಿಯಾ ಆದಾಗ ನಮ್ಮ ಯಜಮಾನ್ರಿಗೆ ಇದನ್ನ ಕೊಟ್ಟಿದ್ರು, ಒಂದು ತಗೋರಿ, ಗಳಿಗ್ಯಾಗ ಕಡಿಮಿ ಆಕ್ಕೈತಿ’ ಎಂದು ನಾಲ್ಕು ಮಾತ್ರೆಗಳನ್ನು ಕೈಯಲ್ಲಿಟ್ಟು ಹೋದರು. ಪಟ್ಟಿಯ ಹಿಂದೆ ಸಣ್ಣಕ್ಷರದಲ್ಲಿ ಐಬುಪ್ರೊಫೆನ್ ಎಂದಿತ್ತು. ಹಾಳೆಯಲ್ಲಿ ಮಗಳು ಕೆಂಪು ಶಾಯಿಯಿಂದ ಬರೆದಿದ್ದ ಸಾಲೂ ಅದೇ: ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಮುಟ್ಟಬಾರದು. ಇವು ಜಠರದ ಒಳಪದರಕ್ಕಿರುವ ರಕ್ಷಣೆಯನ್ನು ಕುಗ್ಗಿಸುವುದರಿಂದ, ಹೊಸದಾಗಿ ಹೊಲಿದ ಜಠರದಲ್ಲಿ ಹುಣ್ಣು, ರಕ್ತಸ್ರಾವ ಉಂಟಾಗಬಹುದು. ಮಾತ್ರೆಗಳು ಕಸಕ್ಕೆ ಹೋದವು. ಕೊಟ್ಟವರದು ತಪ್ಪಲ್ಲ. ಅವರು ಕೇಳಿದ್ದು ಹರ್ನಿಯಾದ ಕಥೆ. ಕೊಟ್ಟದ್ದು ಆ ಕಥೆಗೆ ತಕ್ಕ ಮದ್ದು.

ಹಾಳೆಯ ಕೆಳಭಾಗದಲ್ಲಿ ಕಾಯಬಾರದ ನೋವುಗಳ ಪಟ್ಟಿಯಿತ್ತು. ಕಡಿಮೆಯಾಗುವ ಬದಲು ದಿನದಿನಕ್ಕೆ ಏರುವ ಹೊಟ್ಟೆನೋವು. ವಿಶ್ರಾಂತಿಯಲ್ಲೂ ನಿಮಿಷಕ್ಕೆ 120 ದಾಟುವ ನಾಡಿ. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಮೀರಿದ ಜ್ವರ, ನಿಲ್ಲದ ವಾಂತಿ, ಕಪ್ಪು ಮಲ, ಉಸಿರಾಟದ ಕಷ್ಟ. ಕೊನೆಯ ಸಾಲು: ಒಂದು ಕಾಲಿನ ಮೀನಖಂಡದಲ್ಲಿ ನೋವು, ಬಾವು.

ಒಂಬತ್ತನೆಯ ದಿನ ಬೆಳಗ್ಗೆಯಿಂದಲೇ ಆ ತಾಯಿಯ ಎಡಗಾಲು ಸೆಳೆಯುತ್ತಿತ್ತು. ಹೊಟ್ಟೆಯ ಗಾಯಕ್ಕೂ ಕಾಲಿಗೂ ಏನು ಸಂಬಂಧವೆಂದು ಅವರು ಯಾರಿಗೂ ಹೇಳಲಿಲ್ಲ. ರಾತ್ರಿ ಕಾಲು ಊರಲಾಗದೆ ಗೋಡೆ ಹಿಡಿದಾಗ ಅತ್ತೆ ಕಂಡು, ಎಣ್ಣೆ ಬಿಸಿ ಮಾಡಿ ತಿಕ್ಕಲು ಕುಳಿತರು. ನೀರು ಕುಡಿಯಲೆಂದು ಎದ್ದು ಬಂದ ಮಗಳು ಕೂಗಿದಳು: ‘ಯಮ್ಮಾ, ತಿಕ್ಕಬ್ಯಾಡ!’ ದೀಪ ಹಾಕಿ ನೋಡಿದರೆ ಎಡ ಮೀನಖಂಡ ಬಲಕ್ಕಿಂತ ದಪ್ಪ, ಮುಟ್ಟಿದರೆ ಬಿಸಿ. ಆಸ್ಪತ್ರೆಗೆ ಕರೆ ಮಾಡಿದಾಗ, ತಿಕ್ಕದೆ ತಕ್ಷಣ ಕರೆತರಬೇಕು, ಉಸಿರಿಗೆ ತೊಂದರೆಯಾದರೆ 108ಕ್ಕೆ ಕರೆ ಮಾಡಬೇಕು ಎಂದರು.

ವಾಹನವಿದ್ದದ್ದು ಗದಗಿನವರ ಮಗನ ಬಳಿ. ಮಳೆಯಲ್ಲಿ ಅವರ ಬಾಗಿಲು ತಟ್ಟಿದ ಗಂಡ ಮೊದಲ ಬಾರಿಗೆ ನಿಜ ಹೇಳಿದರು. ಆಕೆ ಒಂದು ಕ್ಷಣ ಸುಮ್ಮನೆ ನಿಂತು, ‘ಮೊದಲ ಹೇಳಿದ್ರ ಆ ಗುಳಿಗಿ ಕೊಡತಿದ್ನೇನ್ರೀ ನಾನು’ ಎಂದಷ್ಟೇ ಅಂದು, ಮಗನನ್ನು ಎಬ್ಬಿಸಲು ಒಳಗೆ ಹೋದರು.

ಸ್ಕ್ಯಾನಿಂಗಿನಲ್ಲಿ ಕಾಲಿನ ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದು ಕಂಡಿತು. ತೂಕ ಹೆಚ್ಚಿರುವವರಲ್ಲಿ, ಶಸ್ತ್ರಚಿಕಿತ್ಸೆಯ ನಂತರದ ವಾರಗಳಲ್ಲಿ, ಇದರ ಅಪಾಯ ಹೆಚ್ಚು. ಮೊದಲ ದಿನದಿಂದಲೇ ನಡೆಯಲು ಹೇಳುವುದಕ್ಕೆ ಇದೂ ಒಂದು ಕಾರಣ. ಆ ಗಡ್ಡೆ ಕಳಚಿ ಶ್ವಾಸಕೋಶ ಸೇರಿದರೆ ಜೀವಕ್ಕೇ ಕುತ್ತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮದ್ದು ಆ ರಾತ್ರಿಯೇ ಆರಂಭವಾಯಿತು. ಬೆಳಗಿನ ಜಾವ ನರ್ಸ್ ಎಂದಿನ ಪ್ರಶ್ನೆ ಕೇಳಿದರು. ಆ ತಾಯಿ ಸ್ವಲ್ಪ ಯೋಚಿಸಿ ‘ಏಳು’ ಎಂದರು. ಆಮೇಲೆ, ಎಲ್ಲಿ, ಯಾವಾಗಿನಿಂದ, ಹೇಗೆ ಎಂಬುದನ್ನು ಒಂದೊಂದಾಗಿ ಹೇಳತೊಡಗಿದರು. ಹಿಂದಿಯಲ್ಲಿ ಮಾತು ಸಿಗದ ಕಡೆ ಕನ್ನಡದಲ್ಲೇ ಹೇಳಿದರು, ಮಗಳು ತಿಳಿಸಿದಳು.

ಈಗ ಅವರ ತೂಕ ಇಳಿಯುತ್ತಿದೆ, ಸಕ್ಕರೆಯೂ ಹತೋಟಿಯಲ್ಲಿದೆ. ಹಾಳೆ ಬಾಗಿಲ ಹಿಂದೆ ಇನ್ನೂ ಇದೆ. ಮೊನ್ನೆ ಗದಗಿನ ಹೆಂಗಸು ತಮ್ಮ ತಂಗಿಯ ಪಿತ್ತಕೋಶದ ಆಪರೇಷನ್ನಿನ ಕಾಗದವನ್ನು ಹಿಡಿದು ಆ ಮನೆಗೆ ಬಂದಿದ್ದರು. ಹುಡುಗಿ ಹೊಸ ಹಾಳೆಯೊಂದನ್ನು ಹರಡಿಕೊಂಡು, ಮೊದಲ ಸಾಲು ಬರೆಯುವ ಮುನ್ನ ಅವರನ್ನೇ ಕೇಳಿದಳು: ‘ಮೌಶಿಗೆ ನೋವು ಎಲ್ಲೈತಿ? ಖರೇ ಹೇಳಾಕ ಹೇಳ್ರಿ.’