ಐವರಲ್ಲಿ ಒಬ್ಬ ನಮ್ಮವನು

ಈಸ್ಟ್ ಬೆಂಗಾಲ್ ತಂಡ ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ ಆಡಲು ಬಂದ ದಿನ ಕೆಂಪು-ಹಳದಿ ಅಂಗಿ ತೊಟ್ಟವರ ದಂಡೊಂದು ಗ್ಯಾಲರಿಯ ಒಂದು ಮೂಲೆಯನ್ನು ಹಿಡಿದುಬಿಡುತ್ತದೆ. ಹೆಚ್ಚಿನವರು ಇಲ್ಲಿ ನೌಕರಿಯಲ್ಲಿರುವ ಬಂಗಾಳಿ ಯುವಕರು. ನಾವು ಬೆಂಗಳೂರು ಎಫ್‌ಸಿಗೆ ಗಂಟಲು ಹರಿದುಕೊಳ್ಳುವವರು. ಆದರೂ ಆಟ ಮುಗಿದ ಮೇಲೆ ಹೊರಗೆ ಚಹಾ ಕುಡಿಯುವಾಗ ಮಾತು ಬೆಳೆಯುತ್ತದೆ. ಸ್ವಲ್ಪ ಹೊತ್ತಿನಲ್ಲಿ ಅವರಲ್ಲೊಬ್ಬ ಕೇಳುವುದು ಒಂದೇ ಪ್ರಶ್ನೆ: ಅಹ್ಮದ್ ಖಾನ್ ಈ ಊರಿನವರಲ್ಲವೇ, ನೀವು ಅವರನ್ನು ನೋಡಿದ್ದೀರಾ? ಕೇಳಿದವನ ವಯಸ್ಸು ಇಪ್ಪತ್ತೈದು ದಾಟಿರುವುದಿಲ್ಲ. ಅವನು ಹುಟ್ಟುವ ಎಷ್ಟೋ ವರ್ಷ ಮೊದಲೇ ಅಹ್ಮದ್ ಖಾನ್ ಆಟ ನಿಲ್ಲಿಸಿದ್ದರು. ಆದರೆ ಅವನ ಅಜ್ಜ ಅವರನ್ನು ನೋಡಿದ್ದರು. ಅಷ್ಟು ಸಾಕು.

ನಮಗೂ ಅವರು ಅಜ್ಜಂದಿರ ಬಾಯಿಂದ ಬಂದವರೇ. ಕಂಟೋನ್ಮೆಂಟ್‌ನ ಮೈದಾನಗಳಲ್ಲಿ ಬ್ರಿಟಿಷ್ ಸೈನಿಕರು ಆಡುವುದನ್ನು ನೋಡಿ, ಅವರ ಜೊತೆಯೇ ಆಡಿ ಫುಟ್‌ಬಾಲ್ ಕಲಿತ ಊರು ನಮ್ಮದು. ಆ ಕಾಲದ ಬಡ ಹುಡುಗನಿಗೆ ಬೂಟು ಕೊಳ್ಳುವುದು ಕನಸಿನ ಮಾತು. ಬರಿಗಾಲಿನಲ್ಲೇ ಕಲಿತ, ಬರಿಗಾಲಿನಲ್ಲೇ ಗೆದ್ದ. 1937ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ಪನ್ನು ಸೈನ್ಯದ ತಂಡಗಳ ಕೈಯಿಂದ ಕಿತ್ತುಕೊಂಡ ಮೊದಲ ಭಾರತೀಯ ನಾಗರಿಕ ತಂಡ ನಮ್ಮ ‘ಬೆಂಗಳೂರು ಮುಸ್ಲಿಮ್ಸ್’. ಮರುವರ್ಷವೂ ಕಪ್ಪು ಅವರದ್ದೇ. 1934ರಿಂದ 1938ರವರೆಗೆ ಸತತ ಐದು ಬಾರಿ ಕಲ್ಕತ್ತಾ ಲೀಗ್ ಗೆದ್ದ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡದಲ್ಲಿಯೂ ಬೆಂಗಳೂರಿನ ಹುಡುಗರಿದ್ದರು. 1926ರಲ್ಲಿ ಹುಟ್ಟಿದ ಅಹ್ಮದ್ ಖಾನ್ ಬೆಳೆದದ್ದು ಇಂತಹ ಕಥೆಗಳ ನಡುವೆ.

ಹಾಗೆ ನೋಡಿದರೆ ಅವರೂ ಹಿರಿಯರ ದಾರಿ ಹಿಡಿದು ಮೊಹಮ್ಮಡನ್ ಸ್ಪೋರ್ಟಿಂಗ್ ಸೇರಬಹುದಿತ್ತು. ಸೇರಿದ್ದು ಈಸ್ಟ್ ಬೆಂಗಾಲನ್ನು, ಅದೂ 1949ರಲ್ಲಿ. ಈ ಇಸವಿಯನ್ನು ಓದುಗರು ಸ್ವಲ್ಪ ನಿಂತು ಗಮನಿಸಬೇಕು. ದೇಶ ಒಡೆದು ಎರಡು ವರ್ಷವಾಗಿತ್ತಷ್ಟೆ. ಪೂರ್ವ ಬಂಗಾಳದಿಂದ ಮನೆ-ಮಠ ಬಿಟ್ಟು ಬಂದ ಹಿಂದೂ ಕುಟುಂಬಗಳು ಸಿಯಾಲ್ದಾ ರೈಲು ನಿಲ್ದಾಣದ ನೆಲದ ಮೇಲೆ ಮಲಗುತ್ತಿದ್ದವು. ಅವರಿಗೆ ಕಲ್ಕತ್ತಾದಲ್ಲಿ ತಮ್ಮದು ಎನ್ನಲು ಉಳಿದಿದ್ದ ಕೆಲವೇ ಸಂಗತಿಗಳಲ್ಲಿ 1920ರಲ್ಲಿ ಹುಟ್ಟಿದ ಈ ಕ್ಲಬ್ ಒಂದು. ಕಳೆದುಹೋದ ಊರಿನ ಹೆಸರು ಅದಕ್ಕಿತ್ತು. 1950ರ ಆರಂಭದಲ್ಲಂತೂ ಗಡಿಯ ಎರಡೂ ಕಡೆ ಗಲಭೆಗಳು ಹೊತ್ತಿಕೊಂಡವು. ಅಲ್ಲಿ ಹಿಂದೂಗಳು, ಇಲ್ಲಿ ಮುಸ್ಲಿಮರು ಮನೆ ಬಿಟ್ಟು ಓಡಿದರು. ನೆಹರೂ ಮತ್ತು ಲಿಯಾಕತ್ ಅಲಿ ಖಾನ್ ಒಪ್ಪಂದಕ್ಕೆ ಸಹಿ ಹಾಕಿದ್ದು ಆ ಏಪ್ರಿಲ್‌ನಲ್ಲಿ. ಅದೇ ವರ್ಷ, ಅದೇ ಕಲ್ಕತ್ತಾದ ಮೈದಾನದಲ್ಲಿ, ಎಲ್ಲವನ್ನೂ ಕಳೆದುಕೊಂಡು ಬಂದಿದ್ದ ಆ ನಿರಾಶ್ರಿತರು ಬೆಂಗಳೂರಿನ ಅಹ್ಮದ್ ಖಾನ್ ಎಂಬ ಹುಡುಗನ ಕಾಲಿಗೆ ಚೆಂಡು ಬಂದೊಡನೆ ಎದ್ದು ನಿಂತು ಕೂಗುತ್ತಿದ್ದರು.

ಅವರು ಕೊಟ್ಟ ಹೆಸರನ್ನೂ ನೋಡಿ. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್, ಸಾಲೆ: ಬಲಬದಿಯಿಂದ ಎಡಬದಿಗೆ ಮುಂಚೂಣಿಯ ಐವರು. ಐವರೂ ದಕ್ಷಿಣದವರು, ಒಬ್ಬರಿಗೂ ಬಂಗಾಳಿ ತಾಯ್ನುಡಿಯಲ್ಲ. ಅಭಿಮಾನಿಗಳು ಅವರನ್ನು ಕರೆದದ್ದು ಪಂಚ ಪಾಂಡವರು ಎಂದು. ಐವರಲ್ಲಿ ಇಬ್ಬರು ಮುಸ್ಲಿಮರು! ಧರ್ಮದ ಹೆಸರಿನಲ್ಲಿ ಮನೆ ಕಳೆದುಕೊಂಡವರು ಅಹ್ಮದನನ್ನೂ ಸಾಲೆಯನ್ನೂ ಪಾಂಡವರ ಸಾಲಿನಲ್ಲಿ ಕೂರಿಸುವಾಗ ಯಾರನ್ನೂ ಕೇಳಲಿಲ್ಲ, ಯಾವ ಸೌಹಾರ್ದ ಸಮಾವೇಶವನ್ನೂ ಕರೆಯಲಿಲ್ಲ. ಗೋಲು ಬೇಕಿತ್ತು, ಇವರು ಹೊಡೆದರು. ಪ್ರೀತಿ ಹೀಗೂ ಬರುತ್ತದೆ. ಇದರಿಂದ ಗಲಭೆಗಳೆಲ್ಲ ನಿಂತವು ಎಂದು ನಾವು ಹೇಳುತ್ತಿಲ್ಲ, ನಿಲ್ಲಲಿಲ್ಲ. ಆದರೆ ಆ ಹೆಸರು ಎಪ್ಪತ್ತು ವರ್ಷ ದಾಟಿಯೂ ಮೊಮ್ಮಕ್ಕಳ ಬಾಯಲ್ಲಿ ಉಳಿದಿದೆಯಲ್ಲ!

ಗೆಲುವುಗಳ ಪಟ್ಟಿ ದೊಡ್ಡದು, ಬೇಗ ಹೇಳಿ ಮುಗಿಸುತ್ತೇವೆ. 1949ರಲ್ಲಿ ಲೀಗ್, ಐಎಫ್ಎ ಶೀಲ್ಡ್, ರೋವರ್ಸ್ ಮೂರೂ. ಶೀಲ್ಡ್ ಮತ್ತೆ 1950, 1951ರಲ್ಲಿ. ಡ್ಯುರಾಂಡ್ 1951 ಮತ್ತು 1952ರಲ್ಲಿ. ದೆಹಲಿಯಲ್ಲಿ ನಡೆದ 1951ರ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಇರಾನನ್ನು 1-0ರಿಂದ ಸೋಲಿಸಿ ಚಿನ್ನ ಗೆದ್ದ ಭಾರತ ತಂಡದಲ್ಲೂ ಅವರಿದ್ದರು.

ಅವರ ಆಟ ಹೇಗಿತ್ತು? ಚಲನಚಿತ್ರದಲ್ಲಿ ಸೆರೆಸಿಕ್ಕದ್ದನ್ನು ಮಾತಿನಲ್ಲಿ ಹಿಡಿಯುವುದು ಕಷ್ಟ. ಹಾವಾಡಿಗ ಎಂಬ ಅಡ್ಡಹೆಸರು ಅವರಿಗಿತ್ತು. ಎಡ ಒಳಬದಿಯಲ್ಲಿ ಆಡುತ್ತಿದ್ದರು. ಬೂಟು ಹಾಕಿದವನಿಗೆ ಚೆಂಡು ಚರ್ಮದಾಚೆ ಇರುತ್ತದೆ, ಬರಿಗಾಲಿನವನಿಗೆ ಬೆರಳಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಹಿರಿಯರು ವಿವರಿಸುತ್ತಿದ್ದರು. ಹೇಳುತ್ತಾ ಚಪ್ಪಲಿ ಬಿಟ್ಟು, ನೆಲದ ಮೇಲೆ ಹೆಬ್ಬೆರಳನ್ನು ಹೊರಳಿಸಿ ತೋರಿಸುತ್ತಿದ್ದರು. ಎದುರಿಗೆ ಬೂಟಿನ ಕಾಲು ಬಂದರೆ ಏನು ಗತಿ ಎಂದು ಕೇಳಿದರೆ, ಸಿಕ್ಕರೆ ತಾನೇ ಎಂದು ನಗುತ್ತಿದ್ದರು.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅಹ್ಮದ್ ಖಾನ್ ಇದ್ದ ಭಾರತ ತಂಡ ಫ್ರಾನ್ಸ್‌ಗೆ 2-1ರಿಂದ ಸೋತಿತು. ಸಿಕ್ಕಿದ ಎರಡು ಪೆನಾಲ್ಟಿಗಳನ್ನೂ ಕಳೆದುಕೊಂಡಿತು. ಆ ಒಂದು ಗೋಲು ಹೊಡೆದದ್ದು ಕೂಡ ಬೆಂಗಳೂರಿನವರೇ ಆದ ಸಾರಂಗಪಾಣಿ ರಾಮನ್. ನಾಲ್ಕು ವರ್ಷದ ಬಳಿಕ ಹೆಲ್ಸಿಂಕಿ. ಅಲ್ಲಿಯ ಚಳಿಯಲ್ಲಿ, ಹೆಚ್ಚಿನವರು ಬರಿಗಾಲಿನಲ್ಲಿ, ಆ ಸಲ ಬೆಳ್ಳಿ ಗೆದ್ದ ಯುಗೋಸ್ಲಾವಿಯದ ಎದುರು ಭಾರತ 10-1ರಿಂದ ಮುಳುಗಿತು. ಆ ಒಂದು ನಮ್ಮ ಅಹ್ಮದ್ ಭಾಯ್ ಅವರದ್ದು, 89ನೇ ನಿಮಿಷದಲ್ಲಿ. ಹತ್ತು ಗೋಲು ತಿಂದ ತಂಡ ಕೊನೆಯ ನಿಮಿಷದಲ್ಲಿ ಸಾಮಾನ್ಯವಾಗಿ ಗಡಿಯಾರ ನೋಡುತ್ತದೆ. ಈತ ಆಗಲೂ ಗೋಲಿನ ಕಡೆ ನೋಡುತ್ತಿದ್ದರು. ಅವರು ಗೆದ್ದ ಕಪ್ಪುಗಳಿಗಿಂತ ಈ ಗೋಲನ್ನೇ ನಾವು ಹೆಚ್ಚು ಪ್ರೀತಿಸುತ್ತೇವೆ. ಹೆಲ್ಸಿಂಕಿಯ ಆ ಸೋಲಿನ ನಂತರವೇ ಭಾರತದಲ್ಲಿ ಬೂಟು ಕಡ್ಡಾಯವಾಯಿತು.

1954ರಲ್ಲಿ ಈಸ್ಟ್ ಬೆಂಗಾಲ್‌ನ ನಾಯಕನಾಗಿ, ಒಟ್ಟು ಒಂದು ದಶಕ ಅದೇ ಅಂಗಿ ತೊಟ್ಟು ಆಡಿ ಅವರು ಬೆಂಗಳೂರಿಗೆ ಮರಳಿದರು. ಕಲ್ಕತ್ತಾದಲ್ಲಿ ಜನ ಮುತ್ತಿಕೊಳ್ಳುತ್ತಿದ್ದ ಮನುಷ್ಯ ಇಲ್ಲಿ ಮಾರುಕಟ್ಟೆಗೆ ಹೋಗಿ ಬಂದರೂ ಗುರುತಿಸುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾದರು. ನಮ್ಮ ಊರು ಅಷ್ಟರಲ್ಲಿ ಕ್ರಿಕೆಟ್ಟಿಗೆ ಮನಸ್ಸು ಕೊಟ್ಟಿತ್ತು. ಹಲಸೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯಿದೆ. ಆ ಬೀದಿಯ ಫುಟ್‌ಬಾಲ್ ಹುಚ್ಚಿಗೆ ನಮ್ಮ ಸಲಾಮ್. ಆದರೆ ಊರಿನ ಯಾವ ಬೀದಿಯಲ್ಲೂ ಅಹ್ಮದ್ ಖಾನರ ಪ್ರತಿಮೆ ನಮ್ಮ ಕಣ್ಣಿಗೆ ಬಿದ್ದಿಲ್ಲ. ಪ್ರತಿಮೆಯೇ ಬೇಕೆಂದಿಲ್ಲ ಬಿಡಿ, ಅದರಲ್ಲಿ ನಮಗೆ ಅಂಥ ಆಸಕ್ತಿಯೂ ಇಲ್ಲ. ಮಕ್ಕಳ ಒಂದು ಪಂದ್ಯಾವಳಿಗೆ ಅವರ ಹೆಸರಿಟ್ಟರೂ ಆದೀತು.

2017ರ ಆಗಸ್ಟ್ 27ರಂದು, ತೊಂಬತ್ತು ವರ್ಷದ ಅಹ್ಮದ್ ಖಾನ್ ಬೆಂಗಳೂರಿನಲ್ಲೇ ತೀರಿಕೊಂಡರು. ನಮ್ಮಲ್ಲಿ ಕೆಲವರಿಗೆ ಆ ಸುದ್ದಿ ಮೊದಲು ತಲುಪಿದ್ದು ಕೋಲ್ಕತಾದ ಗೆಳೆಯರ ಫೋನಿನಿಂದ. ಅವರು ಸಮಾಧಾನ ಹೇಳಲೆಂದು ನಮಗೆ ಫೋನ್ ಮಾಡಿದ್ದರು, ಸತ್ತವರು ನಮ್ಮ ಮನೆಯವರೆಂದು ತಿಳಿದು. ಮಾತನಾಡುತ್ತಾ ಅತ್ತದ್ದು ಮಾತ್ರ ಅವರು.